ಎದ್ದು ಬರುವವನ ಚಪ್ಪಲಿ

ಆ ಚಪ್ಪಲಿಯ ಗೊಂಡೆ ಕೆಂಪಿತ್ತೋ ಹಸಿರಿತ್ತೋ, ಈಗ ಆಣೆ ಮಾಡಿ ಹೇಳಲಾರೆ. ಡೈರಿಯಲ್ಲಿ ಒಂದು ಕಡೆ ಕೆಂಪು ಎಂದು ಬರೆದಿದ್ದೇನೆ, ಇನ್ನೊಂದು ಕಡೆ ಹಸಿರು. ವಾಸನೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಮೊನ್ನೆ ನಿಪ್ಪಾಣಿ ಪೇಟೆಯಲ್ಲಿ ಚಪ್ಪಲಿ ಅಂಗಡಿಯ ಮುಂದೆ ಹಾಯುವಾಗ ತೊಗಲು, ಔಡಲ ಎಣ್ಣೆ ಎರಡೂ ಕೂಡಿ ಮೂಗಿಗೆ ಬಂದವು. ಕೊಗನೊಳ್ಳಿಯ ನಮ್ಮ ಪಡಸಾಲೆ ಕಣ್ಣ ಮುಂದೆ ನಿಂತಿತು. ಈಸ್ಟರಿನ ಹಿಂದಿನ ದಿನ, ಅಪ್ಪನ ತಾಯಿ, ನಮ್ಮ ಆಯಿ, ಅಲ್ಲಿ ಕಾಲು ಚಾಚಿ ಕೂತು ಅಜ್ಜನ ಕೊಲ್ಹಾಪುರಿ ಚಪ್ಪಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ಅಜ್ಜ ತೀರಿದ್ದು ನಾನು ಹುಟ್ಟುವ ಮೊದಲೇ. ಈಸ್ಟರಿನ ದಿನ ನಸುಕಿನಲ್ಲಿ ಆಯಿ ಚಪ್ಪಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವನ ಸಮಾಧಿಗೆ ಒಯ್ಯುತ್ತಿದ್ದಳು. ನಾವು ಮೇಣದಬತ್ತಿ ಹಚ್ಚಿ, ಚೆಂಡು ಹೂ ಇಟ್ಟು, "ಯೇಸು ಎದ್ದಾನ!" "ಖರೇನ ಎದ್ದಾನ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆವು. ಕಬ್ಬಿನ ಗರಿಗಳ ಮೇಲೆ ಬಿಸಿಲು ಬರುವವರೆಗೆ ಚಪ್ಪಲಿ ಅಜ್ಜನ ಕಾಲ ಕಡೆ ಇರುತ್ತಿತ್ತು. ಆಮೇಲೆ ಮತ್ತೆ ಟ್ರಂಕಿಗೆ.

"ಸ್ವರ್ಗದಾಗ ಬಂಗಾರದ ಬೀದಿ ಐತಂತ. ಅಲ್ಲಿ ಚಪ್ಪಲ್ ಯಾತಕ್ಕ ಬೇ ಅವ್ವಾ?" ಎಂದು ಕಾಕಾ ಪ್ರತಿ ವರ್ಷ ಕಾಡುತ್ತಿದ್ದ.

"ಬಂಗಾರದ ಬೀದಿ ಆಮ್ಯಾಲ, ಮಂಗ್ಯಾ. ಮೊದಲ ಈ ಜಾಲಿಮುಳ್ಳ ದಾಟಬೇಕಲ್ಲ!"

ಎಲ್ಲರೂ ನಗುತ್ತಿದ್ದೆವು, ಎಲ್ಲರಿಗಿಂತ ಜೋರಾಗಿ ಆಯಿ. ಆದರೆ ಅವಳಿಗೆ ಅದು ತಮಾಷೆ ಆಗಿರಲಿಲ್ಲ. "ಯೇಸುಸ್ವಾಮಿ ದೆವ್ವಾಗಿ ಬರಲಿಲ್ಲ ತಂಗಿ. ಗಾಯ ಮುಟ್ಟಿ ನೋಡ್ರಿ ಅಂದ, ಮೀನ ತಿಂದ. ಮೈ ಐತಿ ಅಂದ ಮ್ಯಾಲ ಕಾಲ ಇರಂಗಿಲ್ಲೇನ?" ಎಂದು ನನಗೆ ಹೇಳುತ್ತಿದ್ದಳು. ಹೆದ್ದಾರಿ ಅಗಲ ಮಾಡಲು ಕೊಗನೊಳ್ಳಿಯ ಮನೆ ಕೆಡವುವ ವರ್ಷ, ಅಜ್ಜ ಎದ್ದು ಬಂದರೆ ನಮ್ಮನ್ನು ಎಲ್ಲಿ ಹುಡುಕುತ್ತಾನೆ ಎಂದು ನಾನು ಅತ್ತಿದ್ದೆ. "ಯೇಸುನ ಸಮಾಧಿ ಕಲ್ಲ ಉರುಳಿಸಿದಾವ ಪತ್ತಾ ಹೇಳಂಗಿಲ್ಲೇನ?" ಎಂದು ಮೂಗು ಒರೆಸಿದಳು. ಯೂನಿವರ್ಸಿಟಿಯಿಂದ ಬಂದ ನಾನು ಒಮ್ಮೆ, ಪುನರುತ್ಥಾನ ಭರವಸೆಯ ಸಂಕೇತ ಎಂದು ವಿವರಿಸಲು ಹೋದೆ. "ಸಂಕೇತಕ್ಕ ಮುಳ್ಳ ಚುಚ್ಚತೈತೇನ?" ಎಂದಳು. ಅವಳೇ ಅಂದಳೋ, ನಾನೇ ಆಮೇಲೆ ಅವಳ ಬಾಯಿಗೆ ಇಟ್ಟೆನೋ ತಿಳಿಯದು. ಮಾತು ಮಾತ್ರ ನನ್ನ ಓದಿಗಿಂತ ಗಟ್ಟಿಯಾಗಿ ಉಳಿದಿದೆ.

ಕೊನೆಕೊನೆಗೆ, ರಾಯಬಾಗದ ಕಾಕಾನ ಮನೆಯಲ್ಲಿ, ಅವಳಿಗೆ ಇದ್ದದ್ದು ಒಂದೇ ಚಿಂತೆ. "ನಾ ಹ್ವಾದ ಮ್ಯಾಲ ಇವಕ್ಕ ಎಣ್ಣಿ ಯಾರ ಹಚ್ಚತೀರಿ?" ನಾನು ಊರಲ್ಲಿ ಇರುವವಳಲ್ಲ. ಕಾಕಾ, "ನಾನಂತೂ ಅಲ್ಲ, ನಾಯಿ ಒಯ್ಲಿ" ಎಂದ. ಆಯಿ ನಗಲಿಲ್ಲ. ಅವಳು ನಗದ ಜೋಕು ನನಗೆ ನೆನಪಿರುವುದು ಅದೊಂದೇ.

ಹೋದ ವರ್ಷ ಅವಳನ್ನು ಕೊಗನೊಳ್ಳಿಗೆ ಒಯ್ದು ಅಜ್ಜನ ಪಕ್ಕದಲ್ಲೇ ಮಣ್ಣು ಮಾಡಿದೆವು. ಎಲ್ಲರನ್ನೂ ಹೊರಗೆ ಕಳಿಸಿ ಶವಪೆಟ್ಟಿಗೆಗೆ ಮೊಳೆ ಹೊಡೆದವನು ಕಾಕಾ. ತಿರುಗಿ ಬಂದು ನಾನು ಟ್ರಂಕು ತೆಗೆದರೆ ಹಳೆ ಬಟ್ಟೆಯ ಮೇಲೆ ಎರಡು ಪಾದದಷ್ಟು ಎಣ್ಣೆಕಲೆ, ಅಷ್ಟೇ. ಊಟಕ್ಕೆ ಕೂತಾಗ ಅವನ ಕೈಯಿಂದ ಔಡಲ ಎಣ್ಣೆಯ ವಾಸನೆ ಬಂತು, ಅಥವಾ ಬರಲಿ ಎಂದು ನಾನೇ ಬಯಸಿದೆನೋ ಏನೋ. ಅಂದು ಕೇಳಿದೆ, ಈ ಈಸ್ಟರಿಗೂ ಸಮಾಧಿಯ ಬಳಿ ಕೇಳಿದೆ. ಅವನು ಬಗ್ಗಿ ದಾರಿಯ ಮುಳ್ಳು ಆರಿಸುತ್ತಲೇ ಇದ್ದ.

"ಕಾಕಾ, ಚಪ್ಪಲ್ ಆಯಿ ಸಂಗಾಟ ಕಳಿಸಿದಿಯೇನ?"