ಹಿಟ್ಟಿನ ಡಬ್ಬಿಯೊಳಗೆ ಮೊಮ್ಮಗಳ ಫೋನು

ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲಕ್ಕೆ ಸಿಮೆಂಟು ಹೊರಲು ಕಲಬುರಗಿ ಕಡೆಯಿಂದ ಬಂದವರು ನಾವು. ನನ್ನ ಓದು ಎರಡನೇ ಇಯತ್ತೆಗೇ ಮುಗಿದಿತ್ತು. ಅಂಥ ಮನೆಯ ಹುಡುಗಿ, ನನ್ನ ಮಗನ ಮಗಳು, ನಾರಾಯಣಗೂಡದ ಕೋಚಿಂಗಿನಲ್ಲಿ ಬೆಳಗಿನ ಬ್ಯಾಚಿಗೆ ಸೇರಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ.

ಆದರೆ ಆ ಫೋನು ನನ್ನ ಜೀವ ತಿಂದಿತು. ಮಲಗಿದ ಮೇಲೂ ಅವಳ ಕೌದಿಯೊಳಗೆ ಅದರದೇ ಬೆಳಕು. ಕೇಳಿದರೆ ಪಾಠದ ವಿಡಿಯೋ ಅನ್ನುತ್ತಿದ್ದಳು. ಪಾಠ ನೋಡುವವರು ಕಿಸಿಕಿಸಿ ನಗುತ್ತಾರೆಯೇ? ಬೆಳಗಾದರೆ ಚಹಾಕ್ಕೆ ಉಪ್ಪು ಹಾಕುವಳು. ಬಸ್ಸಿನಲ್ಲಿ ನಿದ್ದೆ ಹೋಗಿ, ನಾರಾಯಣಗೂಡ ದಾಟಿ, ಸಿಕಂದರಾಬಾದಿನಲ್ಲಿ ಕಣ್ಣು ಬಿಡುವಳು. ಪರೀಕ್ಷೆಯಲ್ಲಿ ತನಗೆ ಬರುತ್ತಿದ್ದ ಲೆಕ್ಕವನ್ನೇ ತಪ್ಪಿದಳು.

“ಆಯಿ, ನಿನ್ನೆ ಇದೇ ಲೆಕ್ಕ ಮಾಡಿದ್ನಿ. ಅಲ್ಲಿ ಕುಂತಾಗ ಏನೂ ನೆನಪಾಗಲಿಲ್ಲ.”

“ಹೆಂಗ ನೆನಪಾಗತೈತಿ? ತಲಿ ಇನ್ನೂ ಹಾಸಿಗ್ಯಾಗ ಐತಿ.”

ಮುಂದಿನ ಪರೀಕ್ಷೆಯಲ್ಲೂ ಹೀಗಾದರೆ ಸಂಜೆ ಬ್ಯಾಚಿಗೆ ಹಾಕುತ್ತೇವೆಂದು ಕೋಚಿಂಗಿನ ಸರ್ ಹೇಳಿ ಕಳಿಸಿದರು. ಮಗ ಒಂದೇ ಮಾತಿಗೆ ಮುಗಿಸಿದ: “ಕತ್ತಲದಾಗ ಅಷ್ಟು ದೂರದಿಂದ ಒಬ್ಬಾಕಿ ಬರೋದು ಬ್ಯಾಡ. ಸಂಜೀ ಬ್ಯಾಚ್ ಆದ್ರ ಓದು ಸಾಕು.”

ಆ ಫೋನು ಇನ್ನು ಅವಳ ಕೈಗೆ ಸಿಗಬಾರದು ಅಂತ ಗಟ್ಟಿಮಾಡಿದೆ. ನಮ್ಮ ಕಡೆ ಹೆಂಗಸರು ಬೆಲೆಬಾಳುವುದನ್ನು ಬಚ್ಚಿಡುವುದು ಜೋಳದ ಹಿಟ್ಟಿನೊಳಗೆ. ಬಂಗಾರವೇ ಅಲ್ಲಿ ಕ್ಷೇಮವಾಗಿರುವಾಗ ಫೋನಿಗೇನು ಅಂದುಕೊಂಡು, ಅವಳು ನೀರಿಗೆ ಹೋದಾಗ ಅದನ್ನು ಡಬ್ಬಿಯ ತಳದಲ್ಲಿ ಹೂತೆ. ಅವಳು ಮನೆಯೆಲ್ಲ ಜಾಲಾಡಿದಳು. ಬೆಳಿಗ್ಗೆ ಸೊಸೆ ರೊಟ್ಟಿಗೆ ಹಿಟ್ಟು ತೆಗೆದಾಗ ಫೋನು ಸಿಕ್ಕಿತು. ಅದರ ತೂತುಗಳಲ್ಲೆಲ್ಲ ಹಿಟ್ಟು. ಚಾರ್ಜೂ ಆಗಲೊಲ್ಲದು. ಮಗ ಕಡ್ಡಿಯಿಂದ ಕೆದಕಿ ಇನ್ನಷ್ಟು ಒಳಗೆ ತುರುಕಿದ.

ಮೊಮ್ಮಗಳು ನನ್ನ ಮೇಲೆ ಹರಿಹಾಯ್ದಳು: “ಬುದ್ಧಿ ಐತೇನ ಆಯಿ? ಇದೇನು ಬಂಗಾರ ಏನು?”

“ರಾತ್ರಿ ಪೂರಾ ಎದಿಗವಚಿಕೊಂಡು ಮಲಗತಿದ್ದಿ. ನಾ ಹಂಗೇ ತಿಳಕೊಂಡೆ.”

ರಿಪೇರಿ ಅಂಗಡಿಯವನು ನಾಳೆ ಬಾ, ನಾಡಿದ್ದು ಬಾ ಅನ್ನುತ್ತ ಹೋದ. ಮೊಮ್ಮಗಳು ನನ್ನೊಡನೆ ಮಾತು ಬಿಟ್ಟಳು. ಉಂಡ ಕೂಡಲೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಸಿಟ್ಟಿದ್ದರೂ ನಿದ್ದೆ ಬರುತ್ತಿತ್ತು. ಬರಬರುತ್ತ ಕಣ್ಣಿನ ಕೆಳಗಿನ ಕಪ್ಪು ಇಳಿಯಿತು. ಬೆಳಿಗ್ಗೆ ನಾನು ಕೂಗುವ ಮುಂಚೆಯೇ ಎದ್ದು ಲೆಕ್ಕ ಹಿಡಿದು ಕೂರತೊಡಗಿದಳು. ಪರೀಕ್ಷೆಯ ಫಲ ಬಂದ ದಿನ ಅವಳಾಗಿಯೇ ಬಾಯಿ ಬಿಟ್ಟಳು.

“ಆಯಿ, ಮುಂಜಾನಿ ಬ್ಯಾಚಿನಾಗೇ ಇಟ್ಟಾರ.”

ಓಣಿಯಲ್ಲಿ ಕನ್ನಡದವರು, ತೆಲುಗಿನವರು ಅನ್ನದೆ ಮನೆಮನೆಗೆ ಸಕ್ಕರೆ ಹಂಚಿ ಬಂದೆ.

ಫೋನೂ ರಿಪೇರಿಯಾಗಿ ಬಂತು. ಉಂಡ ಮೇಲೆ ಅದನ್ನು ಅಪ್ಪನ ಕೈಗೆ ಕೊಡಬೇಕೆಂದು ಮನೆಯಲ್ಲಿ ಠರಾವಾಯಿತು. ಕೊಡುತ್ತಾಳೆ, ಸುಳ್ಳೇಕೆ. ಈಗ ಅಪ್ಪನೇ ಅದರಲ್ಲಿ ಕುಸ್ತಿ ನೋಡುತ್ತ ಬಿದ್ದಿರುತ್ತಾನೆ. ಬೆಳಿಗ್ಗೆ ಅವನನ್ನು ಕೆಲಸಕ್ಕೆ ಎಬ್ಬಿಸಿ ಎಬ್ಬಿಸಿ ನನ್ನ ಗಂಟಲು ಹೋಗಿದೆ.