ಸ್ಟ್ಯಾಂಡ್ ಕೇಳಿದವಳು ನಾನು

ಬೈಕಿನ ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಸ್ಟ್ಯಾಂಡ್ ಬೇಕೆಂದು ಬೀದರಿನ ಅಂಗಡಿಯಲ್ಲಿ ಕೇಳಿದವಳು ನಾನು. ಮಾಲೀಕ ಉತ್ತರಿಸಿದ್ದು ಪಕ್ಕದಲ್ಲಿದ್ದ ನನ್ನ ಗಂಡನಿಗೆ! ಔರಾದಿನಿಂದ ಚಿಂತಾಕಿಗೆ ದಿನವೂ ಬೈಕಿನಲ್ಲಿ ಹೋಗುವ ನರ್ಸ್ ನಾನು. ಚೈನ್ ತೊಳೆದು ಎಣ್ಣೆ ಹಾಕುವವಳೂ ನಾನೇ. ಆತ ತೋರಿಸಿದ ಸ್ಟ್ಯಾಂಡಿನ ಅಗಲ ಸಾಲದಾಗಿತ್ತು.

"ಇದು ನನ್ನ ಗಾಡಿಗಿ ಕೂಡಂಗಿಲ್ರಿ, ಜಾರ್ತದ" ಎಂದೆ.

"ಅಕ್ಕಾರ, ಇದೆಲ್ಲ ನಿಮಗ ತಿಳಿಯಂಗಿಲ್ರಿ. ಸಾಹೇಬ್ರು ನೋಡ್ತಾರ ಬಿಡ್ರಿ" ಎಂದು ನಕ್ಕ ಮಾಲೀಕ, ಹೊರಗೆ ನಿಲ್ಲಿಸಿದ್ದ ನನ್ನ ಬೈಕನ್ನು ತಾನೇ ಅದರ ಮೇಲೇರಿಸಿದ. ಬೈಕ್ ಜಾರಿ ನನ್ನ ಗಂಡನತ್ತ ವಾಲಿತು. ಸೀಟಿನ ಹಿಂದಿನ ಕಂಬಿ ಹಿಡಿದು ನಾನು ಎಳೆಯದಿದ್ದರೆ ಅವರ ಕಾಲು ಮುರಿಯುತ್ತಿತ್ತು. ಆಗಲೂ ಆತ "ತಪ್ಪಾತ್ರಿ" ಎಂದದ್ದು ಅವರಿಗೇ!

ಮರುವಾರ ಭಾಲ್ಕಿಯಲ್ಲಿ ಅಳತೆ ನೋಡಿ, ಸರಿಯಾದದ್ದನ್ನು ಕೊಂಡು ತಂದೆ. ಸ್ಟ್ಯಾಂಡ್ ಗಟ್ಟಿಯಾಗಿದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.