ತಿಯೆನ್‌ವಾಂಗನ ಫಿರಂಗಿ ಹಡಗು ಹತ್ತಿದ್ದು

ಕೀಲುಂಗ್ ಬಂದರಿನಲ್ಲಿ ಮೂವತ್ತನಾಲ್ಕು ವರ್ಷ ಕ್ರೇನು ಓಡಿಸಿ ನಿವೃತ್ತನಾದ ಜಿಯೆನ್ ತಿಯೆನ್‌ವಾಂಗನಿಗೆ ಜೊತೆಯವರು ಇಟ್ಟಿದ್ದ ಹೆಸರು ಹದ್ದಿನಕಣ್ಣ. ನಲವತ್ತು ಮೀಟರ್ ಮೇಲಿನ ಗಾಜಿನ ಗೂಡಿನಲ್ಲಿ ಕುಳಿತು, ಸುರಿಯುವ ಮಳೆಯ ನಡುವೆ, ಕೆಳಗೆ ಹಡಗಿನ ಹೊಟ್ಟೆಯಲ್ಲಿ ನಿಂತವನ ಹೆಬ್ಬೆರಳು ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಂಬುದನ್ನು ಅವನು ಒಂದು ದಿನವೂ ತಪ್ಪಾಗಿ ನೋಡಿದವನಲ್ಲ. ಕೆಲಸ ಬಿಟ್ಟ ಮೇಲೆ ಆ ಕಣ್ಣಿಗೆ ಏನಾದರೂ ಮೇವು ಬೇಕಾಯಿತು. ಕ್ಯಾಮೆರಾ ಕೊಂಡ, ಹಕ್ಕಿಗಳ ಬೆನ್ನು ಬಿದ್ದ. ಬಂದರಿನ ಮೇಲೆ ಸುತ್ತುವ ಕರಿ ಹದ್ದುಗಳಿಂದ ಶುರುವಾದದ್ದು, ಎರಡೇ ವರ್ಷದಲ್ಲಿ ಬೆಳಗಿನ ಐದಕ್ಕೆ ಎದ್ದು ಜಿನ್‌ಶಾನಿನ ಗದ್ದೆ ಬಯಲಿಗೆ ಓಡುವ ಮಟ್ಟಕ್ಕೆ ಬಂತು. ಅಲ್ಲಿ ಅವನಂಥ ಹತ್ತು ಹನ್ನೆರಡು ಮುದುಕರು ಬದುವಿನ ಮೇಲೆ ಸಾಲಾಗಿ ಸ್ಟೂಲು ಹಾಕಿಕೊಂಡು, ಮಾರುದ್ದದ ಲೆನ್ಸುಗಳನ್ನು ಶತ್ರುವಿನ ಕಡೆಗೆಂಬಂತೆ ತಿರುಗಿಸಿ ಕೂರುತ್ತಿದ್ದರು. ಆ ಲೆನ್ಸಿಗೆ ಅವರ ನಡುವೆ ಫಿರಂಗಿ ಎಂದೇ ಹೆಸರು. ತಿಯೆನ್‌ವಾಂಗನ ಫಿರಂಗಿ ನಾಲ್ಕು ಕಿಲೋ ತೂಗುತ್ತಿತ್ತು.

"ಮಗಳನ್ನ ಎತ್ತಿದ್ದಕ್ಕಿಂತ ಜಾಸ್ತಿ ಹೊತ್ತು ಅದನ್ನ ಎತ್ತಿದೀಯ," ಎಂದು ಹೆಂಡತಿ ಸುಯೇ ಆಗಾಗ ಚುಚ್ಚುತ್ತಿದ್ದಳು.

ಸುಯೇ ಮೀನಿನ ಉಂಡೆ ಮಾಡುವ ಕಾರ್ಖಾನೆಯೊಂದರಲ್ಲಿ ಉಂಡೆಗಳನ್ನು ಚೀಲಕ್ಕೆ ತುಂಬುವ ಕೆಲಸದಲ್ಲಿದ್ದಳು. ಅರವತ್ತೆರಡು ತುಂಬಿದ್ದರೂ ಬಿಟ್ಟಿರಲಿಲ್ಲ. ಆ ವರ್ಷದ ಕೊನೆಯ ಔತಣದಲ್ಲಿ ಮಾಲೀಕ ಎತ್ತಿದ ಚೀಟಿಯಲ್ಲಿ ಅವಳ ಹೆಸರು ಬಂದು, ಇಬ್ಬರಿಗೆ ನಾಲ್ಕು ದಿನದ ಹಡಗು ಪ್ರವಾಸ ಸಿಕ್ಕಿತು. ಕೀಲುಂಗಿನಿಂದ ಹೊರಟು ಇಶಿಗಾಕಿ ದ್ವೀಪ, ನಾಹಾ ಬಂದರು ಮುಟ್ಟಿ ವಾಪಸು. ಸಾವಿರಾರು ಹಡಗುಗಳ ಸರಕು ಏರಿಸಿ ಇಳಿಸಿದ ತಿಯೆನ್‌ವಾಂಗ್ ಪ್ರಯಾಣಿಕನಾಗಿ ಒಂದನ್ನೂ ಹತ್ತಿದವನಲ್ಲ. ಸುದ್ದಿ ಕೇಳಿದಾಗ ಅವನ ಬಾಯಿಂದ ಬಂದ ಮೊದಲ ಮಾತು: "ಇಶಿಗಾಕಿ ದಾರೀನಾ? ಮೇ ತಿಂಗಳಲ್ಲಿ ಅಲ್ಲಿ ಬೂಬಿ ಹಕ್ಕಿಗಳು ಹಡಗಿನ ಪಕ್ಕಪಕ್ಕದಲ್ಲೇ ಹಾರ್ತವೆ. ಹಡಗಿಗೆ ಹೆದರಿ ನೀರಿಂದ ಏಳೋ ಹಾರುಮೀನನ್ನ ಗಾಳೀಲೇ ಹಿಡೀತವಂತೆ."

"ಊಟ ಚೆನ್ನಾಗಿರುತ್ತಂತೆ," ಎಂದಳು ಸುಯೇ. ಅವನ ಕಿವಿಗೆ ಬೀಳಲಿಲ್ಲ.

ಹೊರಡಲು ಒಂಬತ್ತು ದಿನವಿದ್ದಾಗ, ಭಾನುವಾರ ಮಧ್ಯಾಹ್ನ, ಕ್ಯಾಮೆರಾಗಳಿಗೆ ಬೂಸ್ಟು ಹಿಡಿಯದಂತೆ ತೇವ ಹೀರುವ ಗಾಜಿನ ಬೀರುವಿನಿಂದ ಎಲ್ಲವನ್ನೂ ತೆಗೆದು ಹಾಸಿಗೆಯ ಮೇಲೆ ಹರಡಿದ. ಅಡುಗೆಮನೆಯ ತಕ್ಕಡಿ ತಂದು ಒಂದೊಂದನ್ನೂ ತೂಗಿದ. ಫಿರಂಗಿ ಬೇಕೇ ಬೇಕು, ಅದರಲ್ಲಿ ಚರ್ಚೆಯಿಲ್ಲ. ಟ್ರೈಪಾಡ್ ಎತ್ತಿ ನೋಡಿ ಪಕ್ಕಕ್ಕಿಟ್ಟ. ಹಡಗಿನ ಎಂಜಿನ್ನಿನ ನಡುಕ ಕಾಲುಗಳ ಮೂಲಕ ಹತ್ತಿ ಬಂದು ಚಿತ್ರವನ್ನೆಲ್ಲ ಅಲುಗಿಸಿಬಿಡುತ್ತದೆ, ಬದಲಿಗೆ ಡೆಕ್ಕಿನ ಅಂಚಿನ ಕಂಬಿಯ ಮೇಲೆ ಟವೆಲ್ಲು ಸುತ್ತಿ ಲೆನ್ಸು ಒರಗಿಸಿದರೆ ಆಯಿತು. ಡೆಕ್ಕಿನ ಗಾಳಿಯಲ್ಲಿ ಲೆನ್ಸು ಬದಲಿಸಿದರೆ ಉಪ್ಪು ಒಳಗೆ ಹೋಗುತ್ತದೆ, ಆದ್ದರಿಂದ ಎರಡು ಕ್ಯಾಮೆರಾ ಬೇಕು. ಎರಡನ್ನೂ ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಸೊಂಟ ಒಪ್ಪಲಿಲ್ಲ.

"ಏ ಮುದುಕಿ, ಬಾ ಇಲ್ಲಿ."

ಸುಯೇ ಕೈಯೊರೆಸಿಕೊಳ್ಳುತ್ತ ಬಂದಳು. ಬರುವಾಗ ಬಾಗಿಲ ಚೌಕಟ್ಟಿಗೆ ಬಲಭುಜ ತಗುಲಿತು.

"ಈ ಚಿಕ್ಕದನ್ನ ನೀನು ಹೊರು. ಹತ್ತಿರದ್ದು, ಊಟ, ಸೂರ್ಯ ಮುಳುಗೋದು, ಅದೆಲ್ಲ ನೀನು ತೆಗಿ. ದೂರದ್ದು ನಾನು."

"ನನ್ನ ಫೋನಲ್ಲಿ ತೆಗೀತೀನಪ್ಪ."

"ಫೋನಲ್ಲಿ ತೆಗೆದದ್ದು ಚಿತ್ರಾನಾ? ಹಿಡಿ. ಎಡಗೈ ಕೆಳಗೆ ಕೊಡು. ಕಣ್ಣನ್ನ ಇಲ್ಲಿ ಇಡು. ಈಗ ಕಿಟಕಿ ಕಡೆ ನೋಡು."

ಅವಳು ಕ್ಯಾಮೆರಾವನ್ನು ಎತ್ತಿ, ಎಲ್ಲರೂ ಮಾಡುವಂತೆ ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಒತ್ತಿಕೊಂಡಳು.

"ಏನು ಕಾಣುತ್ತೆ?"

"ಏನೂ ಇಲ್ಲ. ಮುಚ್ಚಳ ತೆಗಿ ಮೊದಲು. ಆರು ವರ್ಷದಿಂದ ದೊಡ್ಡ ಛಾಯಾಗ್ರಾಹಕ."

ತಿಯೆನ್‌ವಾಂಗ್ ನಕ್ಕ. ನಗುತ್ತಲೇ ಮುಚ್ಚಳ ತೆಗೆಯಲು ಕೈ ಚಾಚಿದ. ಲೆನ್ಸಿನ ಮೇಲೆ ಮುಚ್ಚಳವಿರಲಿಲ್ಲ. ಅದು ಅವನ ಇನ್ನೊಂದು ಕೈಯಲ್ಲೇ ಇತ್ತು. ಕ್ಯಾಮೆರಾ ಕೆಟ್ಟಿತೇ ಎಂದು ಅವಳ ಕೈಯಿಂದ ಕಿತ್ತುಕೊಂಡು ತಾನು ನೋಡಿದ. ಕಿಟಕಿ, ಕಿಟಕಿಯಾಚೆ ಎದುರು ಕಟ್ಟಡದ ತುಕ್ಕು ಹಿಡಿದ ಜಾಲರಿ, ಅದರ ಮೇಲೆ ಒಣಹಾಕಿದ ಹಸಿರು ಅಂಗಿ, ಎಲ್ಲವೂ ಸ್ಫಟಿಕದಂತಿದ್ದವು.

ಅವಳನ್ನು ಹಾಸಿಗೆಯ ಅಂಚಿಗೆ ಕೂರಿಸಿದ. ತನ್ನ ಅಂಗೈಯಿಂದ ಅವಳ ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನ ಮುಂದೆ ಮೂರು ಬೆರಳು ಹಿಡಿದ.

"ಎಷ್ಟು ಬೆರಳು?"

"ತೋರಿಸು ಮೊದಲು," ಎಂದಳು ಸುಯೇ.

ಅವನ ಮೂರು ಬೆರಳು ಅವಳ ರೆಪ್ಪೆಯಿಂದ ಒಂದು ಗೇಣು ದೂರದಲ್ಲಿದ್ದವು. ಅವನು ಕೈ ತೆಗೆಯಲಿಲ್ಲ. ಸುಯೇಗೇ ಏನೋ ಹೊಳೆಯಿತು. ತನ್ನ ಕೈಯನ್ನು ಮೇಲೆತ್ತಿ, ತಡಕಿ, ಗಾಳಿಯಲ್ಲಿ ಅವನ ಬೆರಳುಗಳನ್ನು ಮುಟ್ಟಿದಳು.

"ಇಲ್ಲೇ ಇವೆಯಲ್ಲ," ಎಂದಳು, ತೀರಾ ಮೆಲ್ಲಗೆ.

ಆ ಮಧ್ಯಾಹ್ನ ಅವನು ಅವಳನ್ನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಅವಳ ಉತ್ತರ ಒಂದೇ. "ಎರಡು ವರ್ಷದಿಂದ ಆ ಕಡೆ ಸ್ವಲ್ಪ ಮಬ್ಬು ಅಂತ ಗೊತ್ತಿತ್ತು. ಪೊರೆ ಬಂದಿರಬೇಕು, ನನ್ನ ವಯಸ್ಸಲ್ಲಿ ಯಾರಿಗಿಲ್ಲ, ಕೆಲಸ ಬಿಟ್ಟಮೇಲೆ ತೆಗೆಸಿದರಾಯ್ತು ಅಂತಿದ್ದೆ. ಪೂರ್ತಿ ಕತ್ತಲೆ ಯಾವಾಗಾಯ್ತೋ ನನಗೇ ಗೊತ್ತಿಲ್ಲ ಕಣೋ. ಎರಡೂ ಕಣ್ಣು ಬಿಟ್ಟುಕೊಂಡೇ ಓಡಾಡ್ತೀವಿ. ಒಂದನ್ನ ಮುಚ್ಚಿ ಯಾರು ನೋಡ್ತಾರೆ?"

ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತ. ಬಾಗಿಲಿಗೆ ಭುಜ ತಗುಲಿದ್ದು ಇಂದು ಮಾತ್ರವಲ್ಲ. ಚಹಾ ಸುರಿಯುವಾಗ ಬಟ್ಟಲಿನ ಆಚೆಗೆ ಬೀಳುತ್ತಿತ್ತು. ಚೈತ್ರದಲ್ಲಿ ಹಿರಿಯರ ಸಮಾಧಿ ಗುಡಿಸಲು ಹೋದಾಗ ಅವಳು ಮೆಟ್ಟಿಲು ತಪ್ಪಿ ಬಿದ್ದಿದ್ದಳು. ಸ್ಕೂಟರಿನ ಬಲಗನ್ನಡಿ ಎರಡು ಸಲ ಮುರಿದಿತ್ತು. ಪ್ರತಿ ಸಲವೂ ಅವನು ಹೇಳಿದ್ದ ಮಾತು ಒಂದೇ: "ಕಣ್ಣು ಎಲ್ಲಿಟ್ಟಿದೀಯ?" ಮೊನ್ನೆಯವರೆಗೂ ಅವಳು ಆ ಸ್ಕೂಟರನ್ನು ಲಾರಿಗಳ ನಡುವೆ, ಮಳೆಯಲ್ಲಿ, ಓಡಿಸಿಕೊಂಡು ಹೋಗಿ ಬಂದಿದ್ದಳು.

ಮರುದಿನ ಆಸ್ಪತ್ರೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಪರೀಕ್ಷೆಗಳು ನಡೆದವು. ವೈದ್ಯೆ ಮಗಳ ವಯಸ್ಸಿನವಳು. ಒಂದೊಂದು ಕಣ್ಣಿಗೂ ಎಷ್ಟು ಕಾಣುತ್ತದೆಂದು ಅಳೆದ ಎರಡು ದುಂಡು ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದಳು. ಬಲಗಣ್ಣಿನ ಚಿತ್ರ ಬರೀ ಕಪ್ಪು. ಎಡಗಣ್ಣಿನದು ನಡುವೆ ಬೆಳ್ಳಗಿದ್ದು, ಮೇಲ್ಗಡೆ ಬಿಲ್ಲಿನಂತೆ ಕಪ್ಪು ಬಳಿದಂತಿತ್ತು. ಬೆಳಕು ಸಾಲದ ಚಿತ್ರ ಹೇಗಿರುತ್ತದೆಂದು ತಿಯೆನ್‌ವಾಂಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಗ್ಲಾಕೋಮಾ," ಎಂದಳು ವೈದ್ಯೆ. "ಕಣ್ಣಿನೊಳಗಿನ ಒತ್ತಡ ನರವನ್ನ ತಿಂದುಹಾಕುತ್ತೆ. ನೋವಿರಲ್ಲ, ಅದಕ್ಕೇ ಗೊತ್ತಾಗಲ್ಲ. ಬಲಗಡೆ ಹೋಗಿದ್ದು ಮತ್ತೆ ಬರಲ್ಲ, ಅಮ್ಮ. ಎಡಗಡೇದನ್ನ ಉಳಿಸಿಕೊಳ್ಳೋಣ. ದಿನಾ ಎರಡು ಹೊತ್ತು ಹನಿ ಹಾಕಬೇಕು, ಒಂದು ದಿನಾನೂ ತಪ್ಪಿಸಬಾರದು. ನಿಮ್ಮ ತವರಲ್ಲಿ ಯಾರಿಗಾದರೂ ಹೀಗಾಗಿತ್ತಾ?"

ಸುಯೇ ಪರದೆಯ ಮೇಲಿನ ಕಪ್ಪನ್ನೇ ನೋಡುತ್ತಿದ್ದಳು. ವೈದ್ಯೆ ಗಂಡನ ಕಡೆ ತಿರುಗಿದಳು.

"ನೀವು ಯಾವಾಗ ಗಮನಿಸಿದಿರಿ?"

"ನಿನ್ನೆ," ಎಂದ ಹದ್ದಿನಕಣ್ಣ.

ಹೊರಗೆ ಬಂದು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಎರಡು ಬಟ್ಟಲು ನೂಡಲ್ಸ್ ಹೇಳಿದರು. ಅವನು ತನ್ನದನ್ನು ಮುಟ್ಟಲಿಲ್ಲ. ಸುಯೇ ಮಾತ್ರ ತನ್ನ ಬಟ್ಟಲನ್ನು ಪೂರ್ತಿ ಮುಗಿಸಿ, ಕಡ್ಡಿಗಳನ್ನು ಜೋಡಿಸಿಟ್ಟು, ಆಮೇಲೆ ಅತ್ತಳು. ಅವನು ಗಾಬರಿಯಾಗಿ, "ಎಡಗಣ್ಣು ಇದೆಯಲ್ಲ, ಉಳಿಸ್ತಾರಂತಲ್ಲ," ಎಂದು ಏನೇನೋ ಹೇಳಿದ.

"ಅಳ್ತಿರೋದು ನನಗೋಸ್ಕರ ಅಲ್ಲ," ಎಂದಳು ಅವಳು. "ನಮ್ಮಮ್ಮಂಗೋಸ್ಕರ. ನಮ್ಮೂರು ರುಯ್‌ಫಾಂಗಲ್ಲಿ ಅವಳು ಗೋಡೆ ಹಿಡ್ಕೊಂಡು ಓಡಾಡ್ತಿದ್ದಳು. ಯಾವುದೋ ಹರಕೆ ತಪ್ಪಿದ್ದಕ್ಕೆ ದೇವರು ಕಣ್ಣು ಕಿತ್ತುಕೊಂಡ ಅಂತ ಊರೆಲ್ಲ ಆಡ್ತಿತ್ತು. ಅಕ್ಕಿ ಚೆಲ್ಲಿದರೆ ಅತ್ತಿಗೆ ಬೈತಿದ್ದಳು. ನಾನು ಅವಳ ಬಟ್ಟಲನ್ನ ಬೇಕಂತಲೇ ಇತ್ತ ಸರಿಸಿ, ಅವಳು ತಡಕಾಡೋದನ್ನ ನೋಡಿ ನಗ್ತಿದ್ದೆ. ಹತ್ತು ವರ್ಷದವಳು. ಅವಳಿಗೂ ಇದೇ ಇತ್ತಲ್ಲ. ಹನಿ ಹಾಕಿದ್ದರೆ ಸಾಕಿತ್ತಲ್ಲ."

ತಾಯಿಯ ಬಗ್ಗೆ ಇಷ್ಟು ಮಾತನ್ನು ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಆಡಿದ್ದು ಅದೇ ಮೊದಲು. ಅವನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತ. ಅಂಗಡಿಯವಳು ಕೇಳದೆಯೇ ಬಿಸಿನೀರು ತಂದಿಟ್ಟು ಹೋದಳು.

ಆ ವಾರವಿಡೀ ತಿಯೆನ್‌ವಾಂಗ್ ಜಿನ್‌ಶಾನಿಗೆ ಹೋಗಲಿಲ್ಲ. ಬದುವಿನ ಮೇಲೆ ಜೊತೆಗೆ ಕೂರುವ ಗೆಳೆಯ ಅಕುನ್ ಫೋನು ಮಾಡಿ, "ಕೊಕ್ಕರೆ ಬಂದಿದೆ, ನಿನ್ನ ಜಾಗ ಖಾಲಿ ಇದೆ, ಹೆಂಡತಿ ಕಟ್ಟಿಹಾಕಿದಳಾ?" ಎಂದು ಕೆಣಕಿದ. ತಿಯೆನ್‌ವಾಂಗ್ ಸಂಗತಿ ಹೇಳಿದ. "ನಿಲ್ಲು, ನಾನೂ ಒಂದು ಕಣ್ಣು ಮುಚ್ಚಿ ನೋಡ್ಕೊಳ್ತೀನಿ," ಎಂದ ಅಕುನ್.

ಹೊರಡುವ ಹಿಂದಿನ ದಿನ ಸುಯೇ ಪೆಟ್ಟಿಗೆ ತೆರೆದು ನೋಡಿದಳು. ಅವನ ಅಂಗಿಗಳಿದ್ದವು, ಹನಿಯ ಬಾಟಲಿ ಎರಡು ಇದ್ದವು, ಜಾರದ ಚಪ್ಪಲಿ ಇತ್ತು. ಕ್ಯಾಮೆರಾ ಇರಲಿಲ್ಲ, ಲೆನ್ಸು ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಗಾಜಿನ ಬೀರುವಿಗೆ ಬೀಗ ಬಿದ್ದಿತ್ತು.

"ಫಿರಂಗಿ ಎಲ್ಲಿ?"

"ಬೇಡ. ಮನಸ್ಸಿಲ್ಲ."

"ಮತ್ತೆ ನಾಲ್ಕು ದಿನ ಏನು ಮಾಡ್ತೀಯ?"

"ನಿನ್ನ ಜೊತೆ ಇರ್ತೀನಿ."

"ನನ್ನ ಮುಖ ನೋಡ್ತಾ ಕೂತ್ಕೋತೀಯಾ? ಒಂದು ವಾರದಿಂದ ಅದನ್ನೇ ಮಾಡ್ತಿದೀಯ. ಪಾಯಿಖಾನೆಗೆ ಹೋದರೂ ಬಾಗಿಲ ಹೊರಗೆ ನಿಂತಿರ್ತೀಯ. ನಾನೇನು ಹೆಣಾನಾ, ಕಾಯೋಕೆ? ಬೀಗದಕೈ ಕೊಡು ಮುದುಕಾ."

ಅವನು ಕೊಡಲಿಲ್ಲ. ಅವಳಿಗೆ ನಿಜವಾಗಿ ಸಿಟ್ಟು ಬಂತು. "ಆರು ವರ್ಷ ಅದನ್ನ ಎತ್ತಿಕೊಂಡು ಊರೂರು ಸುತ್ತಿದೀಯ. ದಾರೀಲಿ ಹೋಗೋ ಮಕ್ಕಳನ್ನೆಲ್ಲ ಕರೆದು ತೋರಿಸ್ತೀಯ. ನನಗೆ ಒಂದು ಸಲ, ಒಂದೇ ಒಂದು ಸಲ, ಇದರಲ್ಲಿ ನೋಡು ಅಂದಿದೀಯಾ? ಎರಡು ಕಣ್ಣಿದ್ದಾಗ ತೋರಿಸಲಿಲ್ಲ. ಒಂದಾದರೂ ಇರುವಾಗ ತೋರಿಸ್ತೀಯೋ ಇಲ್ಲವೋ?"

ತಿಯೆನ್‌ವಾಂಗನಿಗೆ ನೆನಪಿನಲ್ಲಿ ಎಷ್ಟು ಹುಡುಕಿದರೂ ಅಂಥ ಒಂದು ದಿನ ಸಿಗಲಿಲ್ಲ. ಮುಚ್ಚಳದ ದಿನ ಬಿದ್ದ ಏಟಿಗಿಂತ ಇದು ಆಳಕ್ಕೆ ಇಳಿಯಿತು. ಅದು ರೋಗದ ಕೆಲಸ, ಇದು ಅವನದೇ.

ಕೊನೆಗೆ ಪೆಟ್ಟಿಗೆಗೆ ಹೋದದ್ದು ಫಿರಂಗಿ, ಒಂದು ಕ್ಯಾಮೆರಾ, ಮೂರು ಬ್ಯಾಟರಿ, ಒಂದು ಹಳೆಯ ಟವೆಲ್ಲು. ಅವನ ಅಂಗಿಗಳಲ್ಲಿ ಎರಡನ್ನು ಜಾಗ ಸಾಲದೆ ಅವಳೇ ತೆಗೆದು ಹೊರಗೆಸೆದಳು.

ಹಡಗು ಹತ್ತಿದ ಎರಡನೆಯ ಬೆಳಗ್ಗೆ ಬೂಬಿಗಳು ಬಂದವು. ಕಂದು ಮೈ, ಬಿಳಿ ಹೊಟ್ಟೆ, ಚೂರಿಯಂಥ ಕೊಕ್ಕು. ಹಡಗಿನ ಎತ್ತರಕ್ಕೇ ತೇಲುತ್ತ, ಕೆಳಗೆ ನೀರನ್ನು ನೋಡುತ್ತ ಸಾಗುತ್ತಿದ್ದವು. ತಿಯೆನ್‌ವಾಂಗ್ ಕಂಬಿಯ ಮೇಲೆ ಟವೆಲ್ಲು ಸುತ್ತಿ ಫಿರಂಗಿಯನ್ನು ಒರಗಿಸಿ, ಹೆಂಡತಿಯನ್ನು ಮುಂದೆ ನಿಲ್ಲಿಸಿ, ಹಿಂದಿನಿಂದ ಎರಡೂ ಕೈಯಲ್ಲಿ ಲೆನ್ಸು ಹಿಡಿದ. ಅವಳು ಎಡಗಣ್ಣಿಟ್ಟಳು.

"ನೀರು. ಬರೀ ನೀರು. ಅಯ್ಯೋ, ತಲೆ ತಿರುಗುತ್ತೆ."

"ತಾಳು. ನಿಧಾನಕ್ಕೆ ಎಡಕ್ಕೆ ತರ್ತೀನಿ. ಈಗ?"

"ಆಕಾಶ. ಮತ್ತೆ ನೀರು. ನಿನ್ನ ಹಕ್ಕಿ ಎಲ್ಲಿ ಹೋಯ್ತೋ," ಎಂದವಳು ಥಟ್ಟನೆ ಸುಮ್ಮನಾದಳು. ಅವನಿಗೆ ಅವಳ ಬೆನ್ನು ಬಿಗಿಯಾದದ್ದು ಎದೆಗೆ ತಿಳಿಯಿತು. ಅವಳು ಪಿಸುಗುಟ್ಟಿದಳು: "ಅದರ ಕಾಲು ಹಳದಿ ಕಣೋ. ಹೊಟ್ಟೆಗೆ ಮಡಚಿಟ್ಟುಕೊಂಡಿದೆ. ಕಣ್ಣು ಮಿಟುಕಿಸ್ತು."

"ಸರಿ, ಈಗ ನನಗೆ ಬಿಡು. ಅದು ಹಾರುಮೀನಿಗೆ ಇಳಿಯೋ ಹಾಗಿದೆ."

"ಇರು."

"ಏ ಮುದುಕಿ, ಇಳೀತಿದೆ, ಬಿಡು."

"ಇರು ಅಂದೆನಲ್ಲ."

ಹಕ್ಕಿ ರೆಕ್ಕೆ ಮಡಚಿ, ಹಡಗಿನಿಂದ ಇಪ್ಪತ್ತು ಮೀಟರಿನಲ್ಲಿ, ನೀರಿಂದೆದ್ದ ಬೆಳ್ಳಿಯಂಥ ಮೀನನ್ನು ಗಾಳಿಯಲ್ಲೇ ಕಚ್ಚಿಕೊಂಡು ಮೇಲೆದ್ದಿತು. ಆರು ವರ್ಷದಲ್ಲಿ ಅವನಿಗೆ ಅಂಥದೊಂದು ಗಳಿಗೆ ಒದಗಿ ಬಂದಿರಲಿಲ್ಲ. ಗುಂಡಿಯ ಮೇಲಿದ್ದದ್ದು ಸುಯೇಳ ಬೆರಳು. ಆಮೇಲೆ ನೋಡಿದರೆ ಹದಿನೇಳು ಚಿತ್ರ ಬಿದ್ದಿದ್ದವು, ಹದಿನೇಳರಲ್ಲೂ ಅಲುಗಿದ ನೀಲಿ ನೀರು. ಅವನು ಹಣೆ ಚಚ್ಚಿಕೊಂಡ. "ನಾನು ನೋಡಿದೆನಲ್ಲ," ಎಂದು ಅವಳು ತಿಂಡಿಗೆ ಹೊರಟಳು. ಅವನು ಓಡಿಹೋಗಿ ಅವಳ ಬಲಕ್ಕೆ ನಿಂತ. "ಆ ಕಡೆ ನಿಂತರೆ ನೀನಿದೀಯೋ ಇಲ್ಲವೋ ಗೊತ್ತಾಗಲ್ಲ, ಈ ಕಡೆ ಬಾ," ಎಂದಳು.

ವಾಪಸು ಬಂದ ಮೇಲೆ, ಇದು ವಂಶದಲ್ಲಿ ಹರಿದುಬರುವ ರೋಗವೆಂದು ವೈದ್ಯೆ ಹೇಳಿದ್ದರಿಂದ, ಮಗಳು ಪೇಲಿಂಗ್ ಕಣ್ಣು ತೋರಿಸಿದಳು. ಮೂವತ್ತಾರಕ್ಕೇ ಅವಳ ಎರಡೂ ಕಣ್ಣಿನಲ್ಲಿ ಒತ್ತಡ ಏರಿತ್ತು. ಫಲಿತಾಂಶದ ಕಾಗದ ಹಿಡಿದು ತಿಯೆನ್‌ವಾಂಗ್ ಇನ್ನೊಂದು ಸಲ ನೆಲದ ಮೇಲೆ ಕುಳಿತ. ನರಕ್ಕೆ ಇನ್ನೂ ಏನೂ ಆಗಿಲ್ಲ, ಹನಿಯಲ್ಲೇ ನಿಲ್ಲುತ್ತದೆ ಎಂದು ವೈದ್ಯೆ ಮೂರು ಸಲ ಹೇಳಿದ ಮೇಲೆ ಎದ್ದ. ಸುಯೇಳ ಎಡಗಣ್ಣು ಆ ವರ್ಷದ ಎರಡು ಪರೀಕ್ಷೆಗಳಲ್ಲೂ ಇದ್ದಲ್ಲೇ ನಿಂತಿತ್ತು. ಅವಳ ಸ್ಕೂಟರನ್ನು ಮಾರಿದರು. ಈಗ ಅವನೇ ಬೆಳಗ್ಗೆ ಏಳೂವರೆಗೆ ಅವಳನ್ನು ಕಾರ್ಖಾನೆಯ ಬಾಗಿಲಿಗೆ ಬಿಟ್ಟು, ಆಮೇಲೆ ಜಿನ್‌ಶಾನಿಗೆ ಹೋಗುತ್ತಾನೆ. ಅಷ್ಟು ಹೊತ್ತಿಗೆ ಒಳ್ಳೆಯ ಬೆಳಕು ಮುಗಿದಿರುತ್ತದೆ, ಹಕ್ಕಿಗಳು ಅರ್ಧ ಎದ್ದುಹೋಗಿರುತ್ತವೆ, ಅಕುನ್ ಅವನ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿರುತ್ತಾನೆ.